ಕಲ್ಲಡಿಯ ಬೇಟೆಗಾರನ ಹೆಸರು: ಸೇಲಂ–ಧರ್ಮಪುರಿ ಕಾಡುಗಳ ಹಂತಕ ತಿಗಣೆಗಳು



ಕನ್ನಡದಲ್ಲಿ ತಿಗಣೆ ಎಂದೊಡನೆ ಮೊದಲು ನೆನಪಾಗುವುದು ಮಂಚದ ಸಂದಿನಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುವ ಜೀವಿ. ರೈತರ ಬಾಯಲ್ಲಿ ಈ ಮಾತು ಹಾಸಿಗೆಯಿಂದ ಹೊಲಕ್ಕೆ ಇಳಿದಿದೆ: ಹಿಟ್ಟು ತಿಗಣೆ, ಭತ್ತದ ತೆನೆ ತಿಗಣೆ ಎಂದು ಅವರು ಬೆಳೆ ಕೆಡಿಸುವ ಹಲವು ಹುಳುಗಳನ್ನು ಕರೆಯುತ್ತಾರೆ. ಕೀಟಶಾಸ್ತ್ರದವರು ಅದನ್ನು ಇನ್ನೂ ಹಿಗ್ಗಿಸಿ, ಸೂಜಿಯಂಥ ಮೂತಿಯನ್ನು ಚುಚ್ಚಿ ರಸ ಹೀರುವ ಒಂದು ದೊಡ್ಡ ಬಳಗಕ್ಕೇ ಬಳಸುತ್ತಾರೆ. ಮೂರೂ ಬಳಕೆಗಳಲ್ಲಿ ಹೀರುವ ಕೆಲಸ ಒಂದೇ. ಏನನ್ನು ಹೀರುತ್ತದೆ ಎಂಬುದಷ್ಟೇ ಬೇರೆ. ಒಂದೇ ಪೊದೆಯ ಮೇಲೆ ಕುಳಿತ ಎರಡು ತಿಗಣೆಗಳಲ್ಲಿ ಒಂದು ಗಿಡದ ರಸ ಹೀರುತ್ತಿರಬಹುದು, ಇನ್ನೊಂದು ಗಿಡ ತಿನ್ನುವ ಹುಳುವಿನ ರಸ ಹೀರುತ್ತಿರಬಹುದು. ಎರಡನೆಯದು ಯಾವುದು, ಅದರ ಹೆಸರೇನು, ಅದರ ನೆಂಟರು ಯಾರು ಎಂಬ ಮೂರು ಪ್ರಶ್ನೆಗಳು ಒಂದೇ ಪ್ರಶ್ನೆಯ ಮೂರು ರೂಪಗಳಂತೆ ಕಾಣುತ್ತವೆ. ಅವು ಹಾಗಲ್ಲ. ಪ್ರತಿಯೊಂದಕ್ಕೂ ಬೇರೆ ಬೇರೆ ಸಾಕ್ಷ್ಯ ಬೇಕು. ಒಂದರ ಸಾಕ್ಷ್ಯವನ್ನು ಇನ್ನೊಂದಕ್ಕೆ ಬಳಸಿದಾಗಲೇ ತಪ್ಪುಗಳು ಹುಟ್ಟಿವೆ. ಅದರಲ್ಲೂ ಸೇಲಂ ಮತ್ತು ಧರ್ಮಪುರಿಯ ಒಣಕಾಡುಗಳಂಥ ಕಡೆ, ಸೂಜಿಗೆ ಚುಚ್ಚಿ ಒಣಗಿಸಿಟ್ಟ ಬೆಳೆದ ಹುಳುವೊಂದೇ ಹೆಸರು ಹೇಳಲು ಸಾಲದು. ಅದರ ಮೊಟ್ಟೆ, ಮರಿ, ರೆಕ್ಕೆಯ ಬಗೆ, ಅದು ಬದುಕುವ ಕಲ್ಲು, ಕೊಲ್ಲುವ ರೀತಿ ಇವೆಲ್ಲ ಸಾಕ್ಷಿ ನುಡಿಯಬೇಕು. ಇಂದಿನ ಉಪನ್ಯಾಸದಲ್ಲಿ ನಾನು ಸಮರ್ಥಿಸಹೊರಟಿರುವುದು ಇಷ್ಟನ್ನೇ.

ಮೊದಲು ನೆಲದ ವಿಷಯ. ನೊಳಂಬರ ಕನ್ನಡ ಶಾಸನಗಳು ಸಿಕ್ಕಿರುವ ಧರ್ಮಪುರಿ ನಮಗೆ ಪರಕೀಯ ಊರಲ್ಲ. ಹೊಗೇನಕಲ್ಲಿನ ಹೆಸರೇ ಕನ್ನಡದ ಹೊಗೆ ಮತ್ತು ಕಲ್ಲು. ಅಲ್ಲಿ ಕಾವೇರಿಯ ಈ ದಂಡೆ ಚಾಮರಾಜನಗರ ಜಿಲ್ಲೆ, ಆ ದಂಡೆ ಧರ್ಮಪುರಿ. ಮಲೆ ಮಹದೇಶ್ವರ ಬೆಟ್ಟದ ಕಾಡು, ನಮ್ಮ ಕಾವೇರಿ ವನ್ಯಧಾಮ, ತಮಿಳುನಾಡು 2014ರಲ್ಲಿ ಘೋಷಿಸಿದ ಕಾವೇರಿ ಉತ್ತರ ವನ್ಯಧಾಮ, 2022ರಲ್ಲಿ ಘೋಷಿಸಿದ ಕಾವೇರಿ ದಕ್ಷಿಣ ವನ್ಯಧಾಮ ಇವೆಲ್ಲ ನಕ್ಷೆಯಲ್ಲಿ ಬೇರೆಯಾದರೂ ಒಂದಕ್ಕೊಂದು ತಾಗಿದ ಒಂದೇ ಕಾಡಿನ ಮಗ್ಗುಲುಗಳು. ಇಲ್ಲಿಂದ ಪೂರ್ವಕ್ಕೆ ಪೆನ್ನಾಗರಂ ಸುತ್ತಿನ ಕುರುಚಲು, ವತ್ತಲ್‌ಮಲೈ, ಚಿತ್ತೇರಿ ಬೆಟ್ಟ, ಕಲ್ರಾಯನ್ ಸಾಲು, ಸೇಲಂನ ನೆತ್ತಿಯ ಮೇಲಿರುವ ಶೇರ್ವರಾಯನ್ ಬೆಟ್ಟ. ಸೇಲಂ ನಗರ ಸಮುದ್ರಮಟ್ಟದಿಂದ 300 ಮೀಟರಿಗಿಂತ ಕೆಳಗಿದೆ. ಅದಕ್ಕೆ ಒತ್ತಿಕೊಂಡೇ ಏರುವ ಶೇರ್ವರಾಯನ್ ಬೆಟ್ಟದ ತುದಿಗಳು 1,600 ಮೀಟರ್ ದಾಟುತ್ತವೆ. ಅಡಿಯಲ್ಲಿ ಮುಳ್ಳುಗಿಡ, ಕಮರ, ಬಳ್ಳಾರಿ ಜಾಲಿ. ನಡುವೆ ಎಲೆ ಉದುರಿಸುವ ಕಾಡು. ಮೇಲೆ ಯೇರ್ಕಾಡಿನ ಕಾಫಿ ತೋಟಗಳು ಮತ್ತು ಕಣಿವೆಗಳಲ್ಲಿ ಉಳಿದ ಹಸಿರು ಕಾಡಿನ ತುಂಡುಗಳು. ಒಂದು ಗಂಟೆಯ ಹಾದಿಯಲ್ಲಿ ಮೂರು ಬಗೆಯ ಹವೆ.

ಈ ನೆಲದ ಹೆಸರೇ ಒಂದು ತೊಡಕು. ಧರ್ಮಪುರಿ ಜಿಲ್ಲೆ ಸೇಲಂನಿಂದ ಬೇರೆಯಾದದ್ದು 1965ರಲ್ಲಿ. ನಾಮಕ್ಕಲ್ ಬೇರೆಯಾದದ್ದು 1997ರಲ್ಲಿ. ಧರ್ಮಪುರಿಯಿಂದ ಕೃಷ್ಣಗಿರಿ ಒಡೆದದ್ದು 2004ರಲ್ಲಿ. ಹಾಗಾಗಿ ಹಳೆಯ ಕೀಟಸಂಗ್ರಹವೊಂದರ ಚೀಟಿಯಲ್ಲಿ ‘ಸೇಲಂ ಜಿಲ್ಲೆ’ ಎಂದಷ್ಟೇ ಇದ್ದರೆ ಆ ಹುಳು ಇಂದಿನ ನಾಲ್ಕು ಜಿಲ್ಲೆಗಳಲ್ಲಿ ಯಾವುದರದೂ ಆಗಿರಬಹುದು: ಹೊಸೂರಿನ ತಂಪು ಪ್ರಸ್ಥಭೂಮಿಯದೂ, ಕಾವೇರಿ ದಂಡೆಯ ಸುಡುಬಂಡೆಯದೂ. ಎಲ್ಲಿ ಸಿಕ್ಕಿತು ಎಂಬುದು ಗುರುತಿನ ಅರ್ಧ ಭಾಗ. ಆ ಅರ್ಧವೇ ಸರ್ಕಾರಿ ಗೆಜೆಟ್ಟಿನೊಡನೆ ಬದಲಾಗುತ್ತಾ ಬಂದರೆ ಉಳಿದ ಅರ್ಧವನ್ನು ಹುಳುವಿನ ಮೈಯೇ ಹೊರಬೇಕಾಗುತ್ತದೆ.

ಆ ಮೈ ಏನು ಹೇಳುತ್ತದೆ? ಬೇಟೆಗಾರ ಯಾವುದು ಎಂಬ ಮೊದಲ ಪ್ರಶ್ನೆಗೆ ಅದು ಸಾಕಷ್ಟು ಚೆನ್ನಾಗಿಯೇ ಉತ್ತರ ಕೊಡುತ್ತದೆ. ಗಿಡದ ರಸ ಕುಡಿಯುವ ತಿಗಣೆಯ ಮೂತಿ ಸಾಮಾನ್ಯವಾಗಿ ಸಪೂರ, ನೇರ. ಬಳಸದಾಗ ಎದೆಯ ಅಡಿಗೆ ಅಂಟಿಕೊಂಡಂತೆ ಮಡಚಿರುತ್ತದೆ. ಹಂತಕ ತಿಗಣೆಗಳ ಕುಟುಂಬವಾದ ರೆಡುವಿಡೆಯಲ್ಲಿ ಮೂತಿ ಗಿಡ್ಡ, ದಪ್ಪ, ಮೂರು ಗೆಣ್ಣಿನದು. ಕುಡುಗೋಲಿನಂತೆ ಬಾಗಿ ತಲೆಯಿಂದ ಎದ್ದು ನಿಂತಿರುತ್ತದೆ. ಅದರ ತುದಿ ಮುಂಗಾಲುಗಳ ನಡುವಿನ ಒಂದು ಗೀರುಗೀರಾದ ಕಾಲುವೆಯಲ್ಲಿ ಕೂರುತ್ತದೆ. ಹುಳುವನ್ನು ಹಿಡಿದರೆ ಅದು ತುದಿಯನ್ನು ಅಲ್ಲಿ ಉಜ್ಜಿ ಕಿರ್ ಎಂಬ ಸದ್ದು ಮಾಡುತ್ತದೆ. ಕಣ್ಣುಗಳ ಹಿಂದೆ ತಲೆ ಕುತ್ತಿಗೆಯಂತೆ ಸಪೂರವಾಗುತ್ತದೆ. ಇಷ್ಟು ಕಂಡರೆ ಕುಟುಂಬದ ಬಗ್ಗೆ ಸಂಶಯ ಬೇಡ. ಎರಡನೆಯ ಗುಂಪು ಗಬ್ಬು ನಾತದ ತಿಗಣೆಗಳದು. ಅವುಗಳಲ್ಲಿ ಹೆಚ್ಚಿನವು ಸಸ್ಯಾಹಾರಿಗಳು. ಆದರೆ ಅವುಗಳಲ್ಲಿಯೂ ಆಸೊಪಿನೆ ಎಂಬ ಒಂದು ಉಪಕುಟುಂಬ ಬೇಟೆಗೆ ಇಳಿದಿದೆ. ಅವುಗಳ ಮೂತಿಯ ಬುಡ ದಪ್ಪಗಿದ್ದು ಮುಂದಕ್ಕೆ ಚಾಚಲು ಬರುತ್ತದೆ. ಇಯೊಕ್ಯಾಂಥೆಕೊನ ಫರ್ಸೆಲ್ಲೇಟ ಎಂಬ ಆಸೊಪಿನೆ ತಿಗಣೆ ಹೊಲದಲ್ಲಿ ಕಂಬಳಿಹುಳುಗಳನ್ನು ತಿಂದು ರೈತನಿಗೆ ಉಪಕಾರ ಮಾಡುತ್ತದೆ. ಅದೇ ತಿಗಣೆ ಮಧ್ಯ ಮತ್ತು ಪೂರ್ವ ಭಾರತದಲ್ಲಿ ಮರದ ಮೇಲೆ ಬೆಳೆಸುವ ಟಸರ್ ರೇಷ್ಮೆಹುಳುಗಳನ್ನು ತಿಂದು ನಷ್ಟ ತರುತ್ತದೆ.

ಮೂರನೆಯ ಗುಂಪು ಮಿರಿಡೆ, ಅಂದರೆ ಸಸ್ಯ ತಿಗಣೆಗಳ ಕುಟುಂಬ. ತಿಗಣೆಗಳಲ್ಲೇ ಅತಿ ದೊಡ್ಡದು, ಜಗತ್ತಿನಲ್ಲಿ 11,000ಕ್ಕೂ ಹೆಚ್ಚು ಪ್ರಭೇದಗಳು. ಗೇರನ್ನು ಕಾಡುವ ಟೀ ಸೊಳ್ಳೆ ಇದೇ ಕುಟುಂಬದ್ದು, ಭತ್ತದ ಗದ್ದೆಯಲ್ಲಿ ಕಂದು ಜಿಗಿಹುಳುವಿನ ಮೊಟ್ಟೆ ಹೀರುವ ಉಪಕಾರಿ ಸಿರ್ಟೊರೈನಸ್ ಲಿವಿಡಿಪೆನ್ನಿಸ್ ಕೂಡ ಇದೇ ಕುಟುಂಬದ್ದು. ಇನ್ನೂ ಕಷ್ಟದ್ದು ನೆಸಿಡಿಯೊಕೊರಿಸ್ ಟೆನುಯಿಸ್. ಟೊಮೇಟೊ ಗಿಡದ ಮೇಲೆ ಬಿಳಿನೊಣ ಇದ್ದಷ್ಟು ದಿನ ಅದು ಬಿಳಿನೊಣ ತಿನ್ನುತ್ತದೆ; ಬೇಟೆ ಕಡಿಮೆಯಾದಾಗ ಎಳೆ ಕಾಂಡಕ್ಕೇ ಮೂತಿ ಹಾಕಿ ಕಂದು ಬಳೆಗಳಂಥ ಗಾಯ ಮಾಡುತ್ತದೆ. ಧರ್ಮಪುರಿಯ ಪಾಲಕ್ಕೋಡು ಟೊಮೇಟೊ ಬೆಳೆಯ ಸೀಮೆ. ಅಲ್ಲಿನ ಬೆಳೆಗಾರ ಈ ಹುಳು ಮಿತ್ರನೋ ಶತ್ರುವೋ ಎಂದು ಕೇಳಿದರೆ ಹುಳುವನ್ನಲ್ಲ, ತೋಟದಲ್ಲಿ ಅಂದು ಬಿಳಿನೊಣ ಎಷ್ಟಿದೆ ಎಂಬುದನ್ನು ನೋಡಿ ಉತ್ತರಿಸಬೇಕು. ಆದ್ದರಿಂದ ‘ಪರಭಕ್ಷಕ’ ಎನ್ನುವುದು ಒಂದು ಉದ್ಯೋಗದ ಹೆಸರು, ಕುಲದ ಹೆಸರಲ್ಲ. ಉದ್ಯೋಗ ನೋಡಿ ವಂಶಾವಳಿ ಬರೆಯಬಾರದು ಎಂಬ ಎಚ್ಚರಿಕೆ ನಮಗೆ ಇಲ್ಲಿಂದಲೇ ಸಿಗುತ್ತದೆ. ಮುಂದೆ ಅದು ಬೇಕಾಗುತ್ತದೆ.

ಎರಡನೆಯ ಪ್ರಶ್ನೆ, ಹೆಸರಿನದು. ನಮ್ಮ ಹಂತಕ ತಿಗಣೆಗಳಿಗೆ ಮೊದಲು ಹೆಸರಿಟ್ಟವರಲ್ಲಿ ಡೆನ್ಮಾರ್ಕಿನ ಯೋಹಾನ್ ಕ್ರಿಶ್ಚಿಯನ್ ಫ್ಯಾಬ್ರಿಸಿಯಸ್ ಮುಖ್ಯ. ಕಾವೇರಿಯ ಮುಖಜಭೂಮಿಯ ತರಂಗಂಬಾಡಿ ಆಗ ಡೇನರ ವಸಾಹತು. ಅಲ್ಲಿಂದ ಹಡಗೇರಿದ ಕೀಟಗಳು ಅವನ ಕೈ ಸೇರುತ್ತಿದ್ದವು. ಇಂದು ರೈನೊಕೊರಿಸ್ ಫ್ಯುಸಿಪೆಸ್, ರೈನೊಕೊರಿಸ್ ಮಾರ್ಜಿನೇಟಸ್ ಎಂದು ಕರೆಯುವ ಎರಡು ಪ್ರಭೇದಗಳನ್ನು ಅವನು 1787 ಮತ್ತು 1794ರಲ್ಲಿ ವರ್ಣಿಸಿದ. ದಕ್ಷಿಣದ ಹೊಲ ಮತ್ತು ಕುರುಚಲುಗಳಲ್ಲಿ ಇಂದಿಗೂ ಅತಿ ಹೆಚ್ಚು ಕಾಣುವ ಹಂತಕರಲ್ಲಿ ಇವೆರಡೂ ಸೇರಿವೆ. ಒಂದು ಶತಮಾನದ ಬಳಿಕ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕುಳಿತ ವಿಲಿಯಂ ಲೂಕಸ್ ಡಿಸ್ಟಾಂಟ್ ಬ್ರಿಟಿಷ್ ಭಾರತದ ಪ್ರಾಣಿಸಂಕುಲ ಮಾಲೆಗಾಗಿ ತಿಗಣೆ ಬಳಗದ ಏಳು ಸಂಪುಟಗಳನ್ನು ಬರೆದರು. ಮೊದಲನೆಯದು 1902ರಲ್ಲಿ, ಕೊನೆಯದು 1918ರಲ್ಲಿ ಬಂತು. ಹಂತಕ ತಿಗಣೆಗಳು ಎರಡನೆಯ ಸಂಪುಟದಲ್ಲಿವೆ. ನೂರು ವರ್ಷ ದಾಟಿದರೂ ಭಾರತದಲ್ಲಿ ತಿಗಣೆ ಗುರುತಿಸುವವರು ಅದನ್ನು ತೆರೆಯದೆ ಇರಲಾರರು. ಅಷ್ಟು ವಿಸ್ತಾರದ ಕೆಲಸ ಒಬ್ಬರ ಕೈಯಲ್ಲಿ ಆದದ್ದು ಅಚ್ಚರಿಯೇ. ಆದರೆ ಅದರ ಮಿತಿಯನ್ನೂ ಹೇಳಬೇಕು: ಡಿಸ್ಟಾಂಟರ ಮುಂದೆ ಇದ್ದವು ಒಣಗಿದ, ಬೆಳೆದ ಹುಳುಗಳು. ಬಣ್ಣ, ಮುಳ್ಳು, ಅಳತೆ ಇವುಗಳೇ ಅವರ ವರ್ಣನೆಯ ಆಧಾರ. ಮರಿ ಹೇಗಿತ್ತು, ಮೊಟ್ಟೆ ಎಲ್ಲಿತ್ತು ಎಂದು ಸೂಜಿಯ ಮೇಲಿನ ಹುಳು ಹೇಳಲಾರದು.

ಈ ಮಿತಿಯನ್ನು ದಾಟಿದ ಕೆಲಸ ತಮಿಳುನಾಡಿನ ಕುರುಚಲು ಕಾಡುಗಳಲ್ಲೇ ನಡೆಯಿತು ಎಂಬುದನ್ನು ನಾವು ಒತ್ತಿ ಹೇಳಬೇಕು. ಕೀಟಶಾಸ್ತ್ರಜ್ಞ ಡನ್‌ಸ್ಟನ್ ಆಂಬ್ರೋಸ್ 1980ರಲ್ಲಿ ಮದ್ರಾಸು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪ್ರಬಂಧದ ವಿಷಯವೇ ಆ ಕಾಡುಗಳ ಹಂತಕ ತಿಗಣೆಗಳ ಬದುಕು, ಶರೀರಧರ್ಮ ಮತ್ತು ನಡವಳಿಕೆ. ಲಿವಿಂಗ್‌ಸ್ಟನ್ ಅವರೊಡನೆ ಅವರು ಮುಂದುವರಿಸಿದ ಅಧ್ಯಯನಗಳಲ್ಲಿ, ಆಮೇಲೆ ಪಾಳಯಂಕೋಟ್ಟೆಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಬೆಳೆದ ಸಂಶೋಧನೆಯಲ್ಲಿ, ಹುಳುವನ್ನು ಹಿಡಿದು ಕೊಂದು ಹೆಸರಿಡುವ ಬದಲು ಹಿಡಿದು ಸಾಕಿ ಹೆಸರಿಡುವ ಕ್ರಮ ನೆಲೆಗೊಂಡಿತು. ಅದರಿಂದ ಏನು ಸಿಕ್ಕಿತು ಎಂಬುದಕ್ಕೆ ರೈನೊಕೊರಿಸ್ ಮಾರ್ಜಿನೇಟಸ್ ಒಳ್ಳೆಯ ನಿದರ್ಶನ. ಈ ಹುಳುವಿನ ಹೊಟ್ಟೆಯ ಅಂಚು, ರೆಕ್ಕೆಯ ಆಚೆ ಇಣುಕುವ ಪಟ್ಟಿ, ಕೆಲವುಗಳಲ್ಲಿ ಪೂರ್ತಿ ಕಪ್ಪು, ಕೆಲವುಗಳಲ್ಲಿ ಪೂರ್ತಿ ಕೆಂಪು, ಇನ್ನು ಕೆಲವುಗಳಲ್ಲಿ ಕೆಂಪು-ಕಪ್ಪು ಪಟ್ಟೆ. ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟರೆ ಮೂರು ಪ್ರಭೇದ ಎನ್ನಲು ಯಾರಿಗೂ ಅಡ್ಡಿ ತೋರದು. ಆದರೆ ಇವು ಒಂದೇ ಪ್ರಭೇದದ ಮೂರು ವೇಷಗಳು ಎಂದು 1988ರಲ್ಲಿ ಆಂಬ್ರೋಸ್ ಮತ್ತು ಲಿವಿಂಗ್‌ಸ್ಟನ್ ಪ್ರಕಟಿಸಿದರು. ಹೆಸರಿನಲ್ಲೇ ‘ಅಂಚುಳ್ಳದ್ದು’ ಎಂಬ ಅರ್ಥ ಹೊತ್ತ ಹುಳುವಿನ ಅಂಚೇ ಅದರ ಗುರುತಿಗೆ ನೆಚ್ಚಲಾಗದ ಸಾಕ್ಷಿ! ಅದೇ ಕುಲದಲ್ಲಿ ರೈನೊಕೊರಿಸ್ ಕುಮಾರೈ ಎಂಬ ಹೊಸ ಪ್ರಭೇದವನ್ನು ಅವರೇ ವರ್ಣಿಸಿದರು. ಬಣ್ಣ ಬೇರೆಯಾದರೂ ಒಂದೇ ಎನ್ನಬೇಕಾದ ಕಡೆ ಒಂದೇ ಎನ್ನಲು, ಹೋಲಿಕೆಯಿದ್ದರೂ ಬೇರೆ ಎನ್ನಬೇಕಾದ ಕಡೆ ಬೇರೆ ಎನ್ನಲು ಹುಳುವಿನ ಒಡನಾಟ ಬೇಕು.

ಬಣ್ಣ ಒಂದೇ ಅಲ್ಲ, ರೆಕ್ಕೆಯೂ ಮೋಸ ಮಾಡುತ್ತದೆ. ಹಂತಕ ತಿಗಣೆಗಳಲ್ಲಿ ಪೂರ್ಣ ರೆಕ್ಕೆಯವು, ಗಿಡ್ಡ ರೆಕ್ಕೆಯವು, ರೆಕ್ಕೆಯೇ ಇಲ್ಲದವು ಉಂಟು. ಕೆಲವು ಪ್ರಭೇದಗಳಲ್ಲಿ ಗಂಡಿಗೆ ರೆಕ್ಕೆ ಇದ್ದು ಹೆಣ್ಣಿಗೆ ಇರುವುದಿಲ್ಲ. ಎಡೊಕ್ಲ ಸ್ಲೇಟರಿಯ ಹೆಣ್ಣು ಹೀಗೆ ರೆಕ್ಕೆಯಿಲ್ಲದ್ದು. ಹಾರುವ ಗಂಡು ರಾತ್ರಿ ದೀಪಕ್ಕೆ ಬಂದು ಬೀಳುತ್ತದೆ, ಹಾರಲಾರದ ಹೆಣ್ಣು ಕಲ್ಲಡಿ ಉಳಿಯುತ್ತದೆ. ದೀಪದ ಬಲೆ ಹಿಡಿದವನ ಪಟ್ಟಿಯಲ್ಲೂ ಕಲ್ಲು ಮಗುಚಿದವನ ಪಟ್ಟಿಯಲ್ಲೂ ಅವು ಎರಡು ಹುಳುಗಳಾಗಿ ಸೇರುವ ಅಪಾಯ ಸದಾ ಇದೆ. ಮರಿಗಳ ಕಥೆ ಇನ್ನೂ ಬೇರೆ. ಐದು ಸಲ ಪೊರೆ ಕಳಚಿ ಬೆಳೆಯುವ ಮರಿಗಳಲ್ಲಿ ಅಕ್ಯಾಂಥಾಸ್ಪಿಸ್ ಕುಲದವು ಮೈಮೇಲೆ ಮಣ್ಣಿನ ಹುಡಿ ಎರಚಿಕೊಂಡು, ಅದರ ಮೇಲೆ ತಾವು ಹೀರಿ ಬಿಟ್ಟ ಇರುವೆಗಳ ಹೆಣಗಳನ್ನು ಹೊರೆ ಮಾಡಿ ಹೊರುತ್ತವೆ. ಅದನ್ನು ನೋಡಿದವರಿಗೆ ತಿಗಣೆ ಎಂದೇ ತೋಚುವುದಿಲ್ಲ. ಕಸದ ಉಂಡೆ ನಡೆಯುತ್ತಿದೆ ಎನಿಸುತ್ತದೆ. ಸಾಕಿದರಷ್ಟೇ ಆ ಕಸದುಂಡೆ ಯಾವ ಬೆಳೆದ ಹುಳುವಿನ ಮರಿ ಎಂದು ತಿಳಿಯುತ್ತದೆ.

ಇವುಗಳಿಗೆ ಎದುರಾಗಿ, ಮೋಸ ಮಾಡದ ಗುರುತುಗಳೂ ಇವೆ. ಹೂವು-ಎಲೆಗಳ ಮೇಲೆ ಹಗಲು ಬೇಟೆಯಾಡುವ ಹಾರ್ಪಕ್ಟೊರಿನೆ ಉಪಕುಟುಂಬದವು ಮೊಟ್ಟೆಗಳನ್ನು ಅಂಟಿನಿಂದ ಜೋಡಿಸಿ ಎಲೆಗೆ ನೆಟ್ಟಗೆ ನಿಲ್ಲಿಸುತ್ತವೆ, ಪ್ರತಿಯೊಂದಕ್ಕೂ ಮೇಲೊಂದು ಮುಚ್ಚಳ. ಅಕ್ಯಾಂಥಾಸ್ಪಿಸ್ ಬಿಡಿಬಿಡಿಯಾಗಿ ಉದುರಿಸುತ್ತದೆ. ಪೈರಾಟಿನೆ ಗುಂಪಿನ ಎಕ್ಟೊಮೊಕೊರಿಸ್ ಟಿಬಿಯಾಲಿಸ್ ಮಣ್ಣಿಗೆ ಚುಚ್ಚಿ ಇಡುತ್ತದೆ. ನೆಲದ ಬೇಟೆಗಾರರ ಮುಂಗಾಲಿನ ತುದಿಯಲ್ಲಿ ಕೂದಲಿನ ಮೆತ್ತೆಯೊಂದಿದ್ದು ನುಣುಪು ಚಿಪ್ಪಿನ ಜೀರುಂಡೆಯನ್ನೂ ಜಾರದಂತೆ ಹಿಡಿಯುತ್ತದೆ. ಎಲೆಯ ಮೇಲಿನ ಹಾರ್ಪಕ್ಟೊರಿನೆಗಳಿಗೆ ಆ ಮೆತ್ತೆ ಇಲ್ಲ. ಎಕ್ಟ್ರಿಕೊಡಿನೆ ಗುಂಪು, ಬೇರೆ ಪ್ರಾಣಿಗಳು ಬಾಯಿ ಹಾಕಲು ಅಂಜುವ ವಿಷಯುಕ್ತ ಸಹಸ್ರಪದಿಗಳನ್ನೇ ಆಹಾರ ಮಾಡಿಕೊಂಡಿದೆ. ಆಂಬ್ರೋಸ್ ಮತ್ತು ಸಂಗಡಿಗರು ಬೇಟೆಯ ರೀತಿಗಳನ್ನೂ ವಿಂಗಡಿಸಿದರು: ಕಾದು ಹಿಡಿಯುವವು, ಅಟ್ಟಿ ಎರಗುವವು, ಮೂತಿಯಿಂದ ಇರಿದು ನಿಲ್ಲಿಸುವವು. ಕಲ್ಲು ಮಗುಚಿದಾಗ ಯಾವ ಬಗೆಯ ಮೊಟ್ಟೆ ಸಿಕ್ಕಿತು, ಅದರ ಬಳಿ ಯಾವ ಹೆಣ ಬಿದ್ದಿತ್ತು ಎಂದು ನೋಡಿಕೊಂಡರೆ ಹುಳು ತಪ್ಪಿಸಿಕೊಂಡರೂ ಉಪಕುಟುಂಬವನ್ನು ಊಹಿಸಬಹುದು.

ಇಲ್ಲಿ, ನೆಂಟರು ಯಾರು ಎಂಬ ಮೂರನೆಯ ಪ್ರಶ್ನೆಯ ಹೊಸ್ತಿಲಲ್ಲಿ, ಒಂದು ಬಲವಾದ ಆಕ್ಷೇಪ ಏಳುತ್ತದೆ. ಬೇಟೆಯ ರೀತಿ, ವಾಸದ ಜಾಗ, ಕಾಲಿನ ಮೆತ್ತೆ ಇವು ಬದುಕಿನ ಅಗತ್ಯದಿಂದ ಬಂದವು. ಸಂಬಂಧವಿಲ್ಲದ ಎರಡು ವಂಶಗಳೂ ಒಂದೇ ಅಗತ್ಯಕ್ಕೆ ಒಂದೇ ಉಪಾಯ ಕಂಡುಕೊಳ್ಳಬಹುದು. ಹೀಗಿರುವಾಗ ಇವುಗಳ ಮೇಲೆ ವರ್ಗೀಕರಣ ಕಟ್ಟುವುದು ಮರಳಿನ ಮೇಲೆ ಮನೆ ಕಟ್ಟಿದಂತಲ್ಲವೇ? ಆಕ್ಷೇಪ ಸರಿಯಾದದ್ದು. ಅದನ್ನು ಒಪ್ಪಿಯೇ ನಾನು ಮುಂದುವರಿಯುತ್ತೇನೆ. ಹಂತಕ ತಿಗಣೆಗಳ ವರ್ಗೀಕರಣದಲ್ಲಿ ರೆಡುವಿನೆ ಎಂಬ ಉಪಕುಟುಂಬ ಬಹಳ ಕಾಲದಿಂದ ಇದೆ. ಅಕ್ಯಾಂಥಾಸ್ಪಿಸ್ ಅದರೊಳಗೇ ಬರುತ್ತದೆ. ಅದರ ಲಕ್ಷಣವೇನು ಎಂದು ಕೇಳಿದರೆ, ಬೇರೆ ಉಪಕುಟುಂಬಗಳ ವಿಶೇಷ ಲಕ್ಷಣಗಳು ಇಲ್ಲದಿರುವುದೇ ಎಂಬಂಥ ಉತ್ತರ ಬರುತ್ತಿತ್ತು. 2009ರಲ್ಲಿ ಕ್ಯಾಲಿಫೋರ್ನಿಯಾದ ಕ್ರಿಸ್ಟಿಯಾನೆ ವೈರಾಕ್ ಮತ್ತು ಜೇಮ್ಸ್ ಮನ್ರೊ ಡಿಎನ್‌ಎ ಆಧಾರದಲ್ಲಿ ಕುಟುಂಬದ ವಂಶವೃಕ್ಷ ಬರೆದಾಗ, ಈ ಉಪಕುಟುಂಬ ಒಂದೇ ಕೊಂಬೆಯಲ್ಲ, ಬೇರೆ ಬೇರೆ ಕೊಂಬೆಗಳಿಂದ ಆಯ್ದು ಕಟ್ಟಿದ ಕಂತೆ ಎಂದು ತೋರಿತು. 2012ರ ಅವರ ಬಳಗದ ಇನ್ನೊಂದು ಅಧ್ಯಯನ, ರಕ್ತ ಹೀರುವ ಟ್ರಯಾಟೊಮಿನೆ ಗುಂಪೂ ಕೀಟ ಬೇಟೆಯಾಡುವವುಗಳ ನಡುವಿನಿಂದಲೇ ಕವಲೊಡೆದದ್ದು ಎಂದು ತೋರಿಸಿತು. ಆ ಗುಂಪಿನ ಲಿನ್‌ಶ್ಕೊಸ್ಟಿಯಸ್ ಎಂಬ ಕುಲ ಭಾರತದಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದನ್ನು 1904ರಲ್ಲಿ ಹೆಸರಿಸಿದವರು ಡಿಸ್ಟಾಂಟರೇ. 2002ರಲ್ಲಿ ತಮಿಳುನಾಡಿನಿಂದ ಅದರ ಮತ್ತೊಂದು ಪ್ರಭೇದ, ಲಿನ್‌ಶ್ಕೊಸ್ಟಿಯಸ್ ಕರುಪುಸ್, ವರ್ಣಿತವಾಯಿತು. ಅಂದರೆ ಕೀಟ ತಿನ್ನುವವನಿಗೂ ರಕ್ತ ಕುಡಿಯುವವನಿಗೂ ವಂಶ ಒಂದೇ ಆಗಿರಬಹುದು. ಒಂದೇ ಕಲ್ಲಡಿ ಒಂದೇ ರೀತಿ ಬೇಟೆಯಾಡುವ ಇಬ್ಬರಿಗೆ ವಂಶ ದೂರದ್ದಾಗಿರಬಹುದು.

ಇದರಿಂದ ನನ್ನ ವಾದ ಬಿದ್ದುಹೋಗುವುದಿಲ್ಲ, ಅದರ ಎಲ್ಲೆ ಸ್ಪಷ್ಟವಾಗುತ್ತದೆ. ಗುರುತಿಸುವುದು ಬೇರೆ, ವರ್ಗೀಕರಿಸುವುದು ಬೇರೆ. ನೆರೆಮನೆಯವನನ್ನು ನಾವು ನಡಿಗೆಯಿಂದ, ದನಿಯಿಂದ, ಅವನು ಹೊರಡುವ ಹೊತ್ತಿನಿಂದ ಗುರುತಿಸುತ್ತೇವೆ. ಅವನ ಅಜ್ಜ ಯಾರೆಂದು ತಿಳಿಯಲು ಇವು ಯಾವುವೂ ಸಾಕ್ಷ್ಯವಲ್ಲ. ಹಾಗೆಯೇ ಮೊಟ್ಟೆಯಿಟ್ಟ ರೀತಿ, ವಾಸ, ಬೇಟೆ, ಮರಿಯ ವೇಷ ಇವು ಒಂದು ಪ್ರದೇಶದೊಳಗೆ ಪ್ರಭೇದವನ್ನು ಗುರುತಿಸಲು ಬಲವಾದ ಸಾಕ್ಷ್ಯ. ಬಂಧುತ್ವ ನಿರ್ಧರಿಸಲು ಮಾತ್ರ ಪೂರ್ವಜನಿಂದ ಬಂದ ಲಕ್ಷಣ ಯಾವುದು, ಅಗತ್ಯದಿಂದ ಬಂದದ್ದು ಯಾವುದು ಎಂದು ಸೋಸಬೇಕು. ಅದಕ್ಕೆ ಡಿಎನ್‌ಎ, ಜನನಾಂಗಗಳ ರಚನೆ, ದೇಶದೇಶಗಳ ಮಾದರಿಗಳ ಹೋಲಿಕೆ ಬೇಕು. ವರ್ಗೀಕರಣ ಬದಲಾದಾಗ ಕುಲನಾಮ ಬದಲಾಗುತ್ತದೆ. ಮಾರ್ಜಿನೇಟಸ್ ಫ್ಯಾಬ್ರಿಸಿಯಸ್‌ನಲ್ಲಿ ರೆಡುವಿಯಸ್ ಆಗಿತ್ತು, ಡಿಸ್ಟಾಂಟರಲ್ಲಿ ಹಾರ್ಪಕ್ಟರ್ ಆಯಿತು, ಈಗ ರೈನೊಕೊರಿಸ್. ಹೆಸರುಗಳು ಹೀಗೆ ಓಡಾಡುತ್ತವೆ ಎಂದು ಬೇಸರಪಡುವವರುಂಟು. ಆದರೆ ಓಡಾಡಿದ್ದು ಮನೆತನದ ಹೆಸರು. ವ್ಯಕ್ತಿಯ ಹೆಸರು 1794ರಿಂದ ಕದಲಿಲ್ಲ.

ಎರಡನೆಯ ಆಕ್ಷೇಪ ಈ ಕಾಲದ್ದು. ಒಂದು ಕಾಲು ಮುರಿದು ಪ್ರಯೋಗಾಲಯಕ್ಕೆ ಕಳಿಸಿದರೆ ಡಿಎನ್‌ಎಯ ಒಂದು ತುಣುಕನ್ನು ಓದಿ ಹೆಸರು ಹೇಳುತ್ತಾರೆ. ಇನ್ನು ಕಲ್ಲು ಮಗುಚುತ್ತಾ, ಡಬ್ಬಿಯಲ್ಲಿ ಮರಿ ಸಾಕುತ್ತಾ ವರ್ಷ ಕಳೆಯುವುದೇಕೆ? ಡಿಎನ್‌ಎಯಿಂದ ಆಗುವ ಉಪಕಾರ ದೊಡ್ಡದು, ಅದನ್ನು ಕಡಿಮೆ ಮಾಡಿ ಹೇಳಲಾರೆ. ರೆಕ್ಕೆಯಿಲ್ಲದ ಹೆಣ್ಣನ್ನು ರೆಕ್ಕೆಯ ಗಂಡಿಗೆ, ಕಸದುಂಡೆಯ ಮರಿಯನ್ನು ಅದರ ತಾಯಿಗೆ ಜೋಡಿಸಲು ಅದಕ್ಕಿಂತ ಚುರುಕಾದ ದಾರಿ ಇಲ್ಲ. ನಮ್ಮ ಪುತ್ತೂರಿನ ಗೇರು ಸಂಶೋಧನಾ ಕೇಂದ್ರದವರು ಟೀ ಸೊಳ್ಳೆಯನ್ನು ತಿನ್ನುವ ರಿಹಿರ್ಬಸ್ ಟ್ರೊಕ್ಯಾಂಟೆರಿಕಸ್ ಎಂಬ ಹಂತಕನ ಒಂದು ಬಣ್ಣಭೇದವನ್ನು ಅಧ್ಯಯನ ಮಾಡಿದಾಗ ಜೀವನಚರಿತ್ರೆ, ಬೇಟೆ, ಡಿಎನ್‌ಎ ಮೂರನ್ನೂ ಒಟ್ಟಿಗೇ ದಾಖಲಿಸಿದರು. ಅದು ಅನುಸರಿಸತಕ್ಕ ಮಾದರಿ. ಆದರೆ ಡಿಎನ್‌ಎ ತಾನಾಗಿ ಹೆಸರು ಹೇಳುವುದಿಲ್ಲ. ಅದು ಈ ತುಣುಕು ಆ ತುಣುಕಿಗೆ ಹೊಂದುತ್ತದೆ ಎನ್ನುತ್ತದೆ. ಆ ಇನ್ನೊಂದು ತುಣುಕಿಗೆ ಹೆಸರು ಅಂಟಿಸಿದವನು ಒಬ್ಬ ಮನುಷ್ಯ. ಅವನು ಅಂಚಿನ ಬಣ್ಣ ನೋಡಿ ತಪ್ಪು ಹೆಸರು ಅಂಟಿಸಿದ್ದರೆ ಯಂತ್ರ ಆ ತಪ್ಪನ್ನೇ ಸಾವಿರ ಸಲ, ಸಂಶಯಕ್ಕೆ ಎಡೆಯಿಲ್ಲದಂತೆ, ಹಿಂತಿರುಗಿಸುತ್ತದೆ. ಭಂಡಾರದಲ್ಲಿ ತುಣುಕೇ ಇಲ್ಲದ ಪ್ರಭೇದದ ಬಗ್ಗೆ ಅದು ಏನನ್ನೂ ಹೇಳದು.

ಮೂರನೆಯ ಆಕ್ಷೇಪ ಉಪಯೋಗದ ಪ್ರಶ್ನೆ, ಮತ್ತು ಸಾರ್ವಜನಿಕ ಸಭೆಯಲ್ಲಿ ಕೇಳಲೇಬೇಕಾದ ಪ್ರಶ್ನೆ. ಹಂತಕ ತಿಗಣೆಗಳು ಕೈಗೆ ಸಿಕ್ಕ ಹುಳುವನ್ನೆಲ್ಲ ತಿನ್ನುತ್ತವೆ. ಹಾಗಿರುವಾಗ ಅದು ಮಾರ್ಜಿನೇಟಸ್ ಆದರೇನು, ಕುಮಾರೈ ಆದರೇನು? ಇದಕ್ಕೆ ಉತ್ತರ ಸೇಲಂನ ಹೊಲಗಳಲ್ಲೇ ಇದೆ, ಆದರೆ ಅದು ಆಫ್ರಿಕಾದಿಂದ ಆರಂಭವಾಗುತ್ತದೆ. ನಮ್ಮ ಅಡುಗೆಮನೆಯ ಸಬ್ಬಕ್ಕಿ ಬಹುಪಾಲು ಸೇಲಂ ಸೀಮೆಯ ಮರಗೆಣಸಿನದು. ಇದೇ ಮರಗೆಣಸು ಆಫ್ರಿಕಾದ ಕೋಟ್ಯಂತರ ಜನರ ಊಟ. 1970ರ ದಶಕದ ಆರಂಭದಲ್ಲಿ ಅಲ್ಲಿ ಒಂದು ಹಿಟ್ಟು ತಿಗಣೆ ಕಾಣಿಸಿಕೊಂಡು ಬೆಳೆಯನ್ನು ಸುಟ್ಟಂತೆ ಮಾಡಿತು. 1977ರಲ್ಲಿ ಫ್ರೆಂಚ್ ಕೀಟತಜ್ಞೆ ಡೇನಿಯೆಲ್ ಮಟೀಲ್-ಫೆರೆರೊ ಅದನ್ನು ಫೀನಕಾಕಸ್ ಮನಿಹೊಟಿ ಎಂದು ಹೆಸರಿಸಿದರು. ಮರಗೆಣಸಿನ ತವರು ದಕ್ಷಿಣ ಅಮೆರಿಕಾ. ಅಲ್ಲಿ ಹುಡುಕಿದಾಗ ಉತ್ತರ ಭಾಗದಲ್ಲಿ ಅದರಂತೆಯೇ ಇದ್ದ ಹಿಟ್ಟು ತಿಗಣೆ ಸಿಕ್ಕಿತು. ಅದರ ಮೇಲಿನ ಪರಾವಲಂಬಿ ಕಣಜಗಳನ್ನು ತಂದು ಬಿಟ್ಟು ನೋಡಿದರೆ ಅವು ಆಫ್ರಿಕಾದ ತಿಗಣೆಯ ಮೇಲೆ ವಂಶ ಬೆಳೆಸಲಿಲ್ಲ. ಕಾರಣ, ಅದು ಬೇರೆಯೇ ಪ್ರಭೇದ. 1981ರಲ್ಲಿ ಅದಕ್ಕೆ ಫೀನಕಾಕಸ್ ಹೆರೆನಿ ಎಂಬ ಬೇರೆ ಹೆಸರು ಬಂತು. ಎರಡನ್ನೂ ಬೇರ್ಪಡಿಸಿದ ದೊಡ್ಡ ಸುಳಿವು ಒಣ ಮಾದರಿಯಲ್ಲಿ ಇರಲಿಲ್ಲ, ಬದುಕಿನಲ್ಲಿತ್ತು: ಮನಿಹೊಟಿಯಲ್ಲಿ ಬರಿಯ ಹೆಣ್ಣುಗಳೇ, ಗಂಡಿಲ್ಲದೆ ಸಂತಾನ; ಹೆರೆನಿಯಲ್ಲಿ ಗಂಡೂ ಉಂಟು, ಹೆಣ್ಣೂ ಉಂಟು. ಅದೇ 1981ರಲ್ಲಿ ನಿಜವಾದ ಮನಿಹೊಟಿ ಪರಾಗ್ವೆಯಲ್ಲಿ ಸಿಕ್ಕಿತು, ಅದರ ಮೇಲಿನ ಪುಟ್ಟ ಕಣಜ ಆಫ್ರಿಕಾಕ್ಕೆ ಹೋಯಿತು, ಬೆಳೆ ಉಳಿಯಿತು. ಈ ಕಾರ್ಯದ ಮುಂದಾಳು ಹಾನ್ಸ್ ಹೆರೆನ್ ಅವರಿಗೆ 1995ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಅದೇ ಹಿಟ್ಟು ತಿಗಣೆ 2020ರಲ್ಲಿ ಕೇರಳದಲ್ಲಿ ಪತ್ತೆಯಾಗಿ ಸೇಲಂ, ಧರ್ಮಪುರಿಗಳಿಗೂ ಹಬ್ಬಿದಾಗ, ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಅದೇ ಕಣಜವನ್ನು 2021ರಲ್ಲಿ ಬೆನಿನ್ ದೇಶದಿಂದ ತರಿಸಿತು. 2022ರಲ್ಲಿ ಸೇಲಂ ಜಿಲ್ಲೆಯ ಏತಾಪುರದಲ್ಲಿ ಅದನ್ನು ಬಿಡುಗಡೆ ಮಾಡಲಾಯಿತು. ಆ ಕಣಜದ ಕುಲನಾಮ ಎಪಿಡಿನೊಕಾರ್ಸಿಸ್, ಅಪೊಅನಾಗೈರಸ್, ಅನಾಗೈರಸ್ ಎಂದು ಬದಲಾಗಿದೆ. ಲೊಪೆಜಿ ಎಂಬ ಪ್ರಭೇದನಾಮ ಹಾಗೇ ಇದೆ, ಆದ್ದರಿಂದಲೇ ನಾಲ್ಕು ದಶಕಗಳ ಅನುಭವ ಒಂದು ಖಂಡದಿಂದ ಇನ್ನೊಂದಕ್ಕೆ ದಾಟಲು ಸಾಧ್ಯವಾಯಿತು.

ಕಣಜದಂತೆ ಹಂತಕ ತಿಗಣೆ ಒಂದೇ ಬೇಟೆಗೆ ಕಟ್ಟುಬಿದ್ದಿಲ್ಲ, ನಿಜ. ಆದರೂ ಸಾಕಿ ಹೊಲಕ್ಕೆ ಬಿಡುವವನಿಗೆ ಯಾವ ಪ್ರಭೇದ ಅಕ್ಕಿಚಿಟ್ಟೆಯ ಮರಿಗಳ ಮೇಲೆ ಪ್ರಯೋಗಾಲಯದಲ್ಲಿ ಬದುಕುತ್ತದೆ, ಯಾವುದು ಒಟ್ಟಿಗೆ ಸಾಕಿದರೆ ತನ್ನವರನ್ನೇ ತಿನ್ನುತ್ತದೆ, ಯಾವುದು ಗಿಡ ಹತ್ತುತ್ತದೆ, ಯಾವುದು ಕಲ್ಲು ಬಿಟ್ಟು ಕದಲದು ಎಂಬುದು ತಿಳಿಯಲೇಬೇಕು. ಮಾರ್ಜಿನೇಟಸ್‌ನ ಬಗ್ಗೆ ದಶಕಗಳಿಂದ ಕೂಡಿಟ್ಟ ಇಂಥ ತಿಳಿವಳಿಕೆ ತಪ್ಪು ಹುಳುವಿಗೆ ಅನ್ವಯವಾದರೆ ಬಿಟ್ಟವನ ಶ್ರಮವೂ ಪೋಲು, ಹುಳುವಿನ ಹೆಸರೂ ಹಾಳು.

ಕೊನೆಗೆ ಕೇಳುವ ಮಾತು: ಪಶ್ಚಿಮಘಟ್ಟದಂಥ ಸಮೃದ್ಧ ಮಳೆಕಾಡು ಪಕ್ಕದಲ್ಲಿರುವಾಗ ಈ ಒಣ ಗುಡ್ಡಗಳಿಗೆ ಇಷ್ಟು ಗಮನ ಯಾಕೆ? ಒಣಕಾಡಿನಲ್ಲಿ ಎಲೆಯ ಮೇಲೆ ಹುಡುಕಿ ಬರಿಗೈಲಿ ಹಿಂತಿರುಗಿದವರು ಅದನ್ನು ಬಡವೆಂದು ಬಗೆಯುತ್ತಾರೆ. ಅಲ್ಲಿಯ ಸಂಪತ್ತು ಕಲ್ಲಡಿ, ತೊಗಟೆಯಡಿ, ಗೆದ್ದಲ ಹುತ್ತದ ಬುಡದಲ್ಲಿದೆ. ನೆಲವಾಸಿ ಉಪಕುಟುಂಬಗಳು ಕುರುಚಲು ಕಾಡಿನಲ್ಲೇ ಹೆಚ್ಚು ಕಾಣುತ್ತವೆ, ಎಲೆವಾಸಿ ಹಾರ್ಪಕ್ಟೊರಿನೆಗಳು ಮೇಲಿನ ಹಸಿರಲ್ಲಿ. ಶೇರ್ವರಾಯನ್ ಬೆಟ್ಟದ ಒಂದೇ ಏರಿನಲ್ಲಿ ಎರಡೂ ಲೋಕಗಳು ಒಂದನ್ನೊಂದು ಮುಟ್ಟುವುದರಿಂದ ಯಾವ ಪ್ರಭೇದ ಯಾವ ಎತ್ತರದಲ್ಲಿ ನಿಲ್ಲುತ್ತದೆ ಎಂದು ಇಲ್ಲಿ ನೋಡಿದಷ್ಟು ಸ್ಪಷ್ಟವಾಗಿ ಬೇರೆ ಕಡೆ ನೋಡುವುದು ಕಷ್ಟ. ಅಲ್ಲದೆ ಮೀಸಲು ಕಾಡಿನ ಅಂಚಿಗೇ ಮರಗೆಣಸು, ಟೊಮೇಟೊ, ಮಾವು. ಕಾಡಂಚಿನ ಬೇಟೆಗಾರರು ಹೊಲಕ್ಕೆ ಇಳಿಯುವ ದಾರಿ ಅಲ್ಲಿ ಕೆಲವೇ ಮಾರು. ಆ ಕಲ್ಲುಗಳನ್ನು ಜಲ್ಲಿಗೆ ಒಡೆದಾಗ, ತರಗೆಲೆಗೆ ಬೇಸಿಗೆಯಲ್ಲಿ ಬೆಂಕಿ ಬಿದ್ದಾಗ ಮೊದಲು ಹೋಗುವುದು ಹಾರಲಾರದ ಹೆಣ್ಣುಗಳು.

ಆಂಬ್ರೋಸ್ 2006ರಲ್ಲಿ ಪ್ರಕಟಿಸಿದ ಭಾರತದ ಪಟ್ಟಿಯಲ್ಲಿ 14 ಉಪಕುಟುಂಬ, 144 ಕುಲಗಳಲ್ಲಿ 460ಕ್ಕೂ ಹೆಚ್ಚು ಹಂತಕ ತಿಗಣೆಗಳಿವೆ. ಜಗತ್ತಿನಲ್ಲಿ ಸುಮಾರು 7,000. ರಾಷ್ಟ್ರದ ಪಟ್ಟಿಯಲ್ಲಿ ಒಂದು ಸಾಲು ಸಿಕ್ಕಿದ ಹುಳುವಿಗೆ ತನ್ನ ಗುಡ್ಡದಲ್ಲಿ ಒಂದು ಪುಟ ಬೇಕು. 2002ರ ಜೀವವೈವಿಧ್ಯ ಕಾಯ್ದೆ ಹೊಸ ಪ್ರಭೇದದ ಮಾದರಿಯನ್ನು ಸರ್ಕಾರ ಗೊತ್ತುಪಡಿಸಿದ ಭಂಡಾರದಲ್ಲಿ ಇಡಬೇಕೆಂದು ಹೇಳುತ್ತದೆ. ಮಾದರಿಯೊಡನೆ ಏನೇನು ಬರೆದಿಡಬೇಕು ಎಂಬುದನ್ನು ಹಿಡಿದವನೇ ನಿರ್ಧರಿಸಬೇಕಾಗುತ್ತದೆ. ಸೂಜಿಯ ಕೆಳಗಿನ ಚೀಟಿ ಬೆರಳುಗುರಿನಷ್ಟು. ಅಷ್ಟರಲ್ಲೂ ‘ಸೇಲಂ’ ಎಂದು ಬಿಡದೆ, ಚಿತ್ತೇರಿ ಬೆಟ್ಟ, ಯಾವ ಊರಿನ ಮೇಲಿನ ಯಾವ ಇಳಿಜಾರು, ಎಷ್ಟು ಮೀಟರ್ ಎತ್ತರ, ಯಾವ ದಿನ, ಹಗಲೋ ಇರುಳೋ, ಕಲ್ಲಡಿಯೋ ಎಲೆಯ ಮೇಲೋ, ಮೂತಿಯಲ್ಲಿ ಸಿಕ್ಕಿಕೊಂಡಿದ್ದ ಬೇಟೆ ಯಾವುದು, ಜೊತೆಗೆ ಸಿಕ್ಕ ಮೊಟ್ಟೆ ಅಂಟಿತ್ತೋ ಬಿಡಿಯೋ, ಅದರಿಂದ ಒಡೆದ ಮರಿಗಳನ್ನು ಸಾಕಿದ ಡಬ್ಬಿಯ ಸಂಖ್ಯೆ ಎಷ್ಟು ಎಂದು ಬರೆಯಲು ಎರಡು ಚೀಟಿ ಸಾಕು. ಮೂರನೆಯದರಲ್ಲಿ ಹೆಸರು, ಮತ್ತು ಆ ಹೆಸರು ಹೇಳಿದವರು ಯಾರು, ಯಾವ ವರ್ಷ ಎಂಬುದು. ಮುಂದೆ ಯಾರಾದರೂ ಬೇರೆ ಹೆಸರು ಹೇಳಿದರೆ ಹಳೆಯ ಚೀಟಿಯನ್ನು ತೆಗೆಯದೆ ಅದರ ಕೆಳಗೆ ನಾಲ್ಕನೆಯದನ್ನು ಚುಚ್ಚಬೇಕು.